ಹುಳಿ ಮೆತ್ತಿದ ಎಂಜಿನ್

ಹಿರಿಯರೊಬ್ಬರು ಮೊಣಕೈಯುದ್ದದ ಆಟಿಕೆ ರೈಲಿನ ಎಂಜಿನ್ನನ್ನು ಪ್ಲಾಸ್ಟಿಕ್ ಚೀಲದಿಂದ ಮೆಕ್ಯಾನಿಕ್‌ನ ಮೇಜಿನ ಮೇಲೆ ಜಾರಿಸಿದರು. ಕೈಯಿಂದ ಮುಟ್ಟಲಿಲ್ಲ.

ಮೆಕ್ಯಾನಿಕ್ ಅಡಿಯ ಮುಚ್ಚಳ ಬಿಚ್ಚಿದ. ಹಳಸಿದ ವಾಸನೆ ಮೂಗಿಗೆ ಹೊಡೆಯಿತು. ಮೋಟಾರಿನ ಸುತ್ತ ಅನ್ನದಗುಳು ಒಣಗಿ ಕೂತಿತ್ತು. ಗೇರಿನ ಹಲ್ಲುಗಳ ತುಂಬ ಹುಳಿಯ ಜಿಡ್ಡು. ಒಳಗಿಂದ ಸತ್ತ ಜಿರಲೆಯೊಂದು ಮೇಜಿನ ಮೇಲೆ ಬಿತ್ತು.

"ಥೂ! ಇದೇನು ಸಾರ್, ರೈಲೋ ಮುಸುರೆ ಪಾತ್ರೆಯೋ?"

"ಹಿಂದಿನ ಬೋಗಿಯಿಂದ ಸ್ವಲ್ಪ ತುಳುಕುತ್ತೆ," ಎನ್ನುತ್ತ ಹಿರಿಯರು ಜಿರಲೆಯನ್ನು ಎರಡು ಬೆರಳಲ್ಲಿ ಎತ್ತಿ ಹೊರಗೆಸೆದರು.

ಮೆಕ್ಯಾನಿಕ್ ಉಸಿರು ಬಿಗಿಹಿಡಿದು ಜಿಡ್ಡು ಕೆರೆದು ತೊಳೆದ, ಮೋಟಾರಿನ ಸವೆದ ಕಾರ್ಬನ್ ಬ್ರಷ್ ಬದಲಿಸಿದ. ಕರೆಂಟು ಕೊಟ್ಟೊಡನೆ ಚಕ್ರಗಳು ಗಿರ್ರನೆ ತಿರುಗಿದವು.

"ಸುಮ್ನೆ ಇಟ್ರೆ ಮತ್ತೆ ಹಿಡ್ಕೊಳ್ಳುತ್ತೆ. ದಿನಾ ಓಡಿಸಿ."

"ದಿನಾ ಬೇಕಾಗಲ್ಲ. ತಿಂಗಳಿಗೆ ಮೂರು ದಿನ ಸಾಕು."

"ಮೊಮ್ಮಕ್ಕಳು ಬಂದಾಗ್ಲಾ? ಆಟದ ಸಾಮಾನಿನ ಮೇಲೆ ಊಟ ಸುರೀಬಾರ್ದು ಅಂತ ಹೇಳಿ ಅವರಿಗೆ."

"ಆಟಕ್ಕಲ್ಲಪ್ಪ. ಅಡುಗೆಮನೆಯಿಂದ ಹಿಂದಿನ ಕೋಣೆವರೆಗೆ ನಾನೇ ಹಳಿ ಹಾಕಿದ್ದೀನಿ." ಹೆಮ್ಮೆಯಿಂದ ಹೇಳಿ ಹಿರಿಯರು ಚೀಲದ ಬಾಯಿ ಅಗಲಿಸಿ ಹಿಡಿದರು. "ಇದರೊಳಗೆ ಹಾಕಿಬಿಡು."

"ತೊಳೆದು ಒರೆಸಿದ್ದೀನಿ, ಕೈಯಲ್ಲೇ ತಗೊಳ್ಳಿ ಸಾರ್. ಸತ್ತ ಜಿರಲೆ ಹಿಡಿದೋರು, ಇದಕ್ಕೆ ಯಾಕೆ ಅಸಹ್ಯ ಪಡ್ತೀರಿ?"

"ಸೊಸೆ ಹೊರಗಾದಾಗ ಅವಳಿಗೆ ಊಟ ಹೋಗೋದು ಇದರಲ್ಲೇ, ತಟ್ಟೆ ಎತ್ಕೊಳ್ಳುವಾಗ ಅವಳ ಕೈ ತಾಗಿರುತ್ತೆ. ಜಿರಲೆಗೆ ಅಂಥ ಮೈಲಿಗೆ ಏನಿಲ್ಲವಲ್ಲ."