ದಾನಿಯ ಮನೆಯ ಕಾಫಿ

ಹೊರಗಿನ ಜನರ ವಲಸೆ ನಿಂತರೆ ಮಾತ್ರ ಕೆರೆ ಉಳಿಯುತ್ತದೆ ಎನ್ನುವ ಸಂಘಕ್ಕೆ ದಾನಿಗಳನ್ನು ಹಿಡಿದಿಡುವುದು ಸುಗುಣಳ ಕೆಲಸ. ದೊಡ್ಡ ದಾನಿ ಪ್ರಮೀಳಮ್ಮ ಕೈಬಿಟ್ಟರೆ ಅವಳ ಸಂಬಳವೂ ನಿಲ್ಲುತ್ತಿತ್ತು.

"ಕೆರೆದಂಡೆಯ ಗುಡಿಸಲುಗಳನ್ನೆಲ್ಲ ತೆಗೆಸಿದ್ವಿ ಅಮ್ಮ. ಹಕ್ಕಿಗಳು ವಾಪಸ್ ಬಂದಿವೆ," ಎಂದಳು ಸುಗುಣ, ಪ್ರಮೀಳಮ್ಮನ ಮನೆಯ ಸೋಫಾದಲ್ಲಿ ಕೂತು.

"ಸಂತೋಷ. ನಮ್ಮ ಕೆಲಸದ ರೂಪಾಲಿನೂ ಅಲ್ಲೇ ಇದ್ದಳಂತೆ. ಅಸ್ಸಾಮಿಗೆ ಹೊರಟುಹೋದಳು. ಅವತ್ತಿಂದ ನನಗೆ ಕಾಫಿ ಕೊಡೋರಿಲ್ಲ."

ಸುಗುಣ ರಸೀದಿ ಪುಸ್ತಕ ತೆಗೆದಳು. "ಈ ವರ್ಷದ ದೇಣಿಗೆ..."

"ಕೊಡದೆ ಏನು? ಹೊರಗಿನವರು ಬೇಡ ಅಂತ ನನ್ನ ತಲೆಗೆ ತುಂಬಿದವಳೇ ನೀನು. ನೀನಂತೂ ಇದೇ ಊರಿನವಳು ತಾನೆ?"

"ಹೌದಮ್ಮ, ಹುಟ್ಟಿದ್ದೇ ಇಲ್ಲಿ."

"ಒಳ್ಳೇದಾಯ್ತು," ಎಂದು ಪ್ರಮೀಳಮ್ಮ ಅಡುಗೆಮನೆಯ ಕಡೆ ಕೈತೋರಿಸಿದರು. "ಪಾತ್ರೆ ಸಿಂಕಿನಲ್ಲಿದೆ, ಹಾಲು ಫ್ರಿಜ್ಜಿನಲ್ಲಿ."

ಸುಗುಣ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.