ಎಳೆ ಹರಿದರೆ

ಯಾರ ಕೆಲಸದ ನಕ್ಷೆ ಪೂರ್ತಿಯಾಗುತ್ತದೋ ಅವರ ಕೈ ಆ ಕೆಲಸ ಮರೆಯುತ್ತದೆ. ಅದಕ್ಕೇ ಗಿರಣಿಯಲ್ಲಿ ದುಡಿಯುತ್ತಲೇ ಸಾಫ್ಟ್‌ವೇರ್ ಕಲಿಯುವ ಅಪ್ರೆಂಟಿಸರು ನೇಕಾರರ ಪಕ್ಕ ಕೂತು ಎಲ್ಲ ಕೇಳಿ, ಯಂತ್ರಕ್ಕೆ ಕಲಿಸಲು ಹಂತ ಹಂತವಾಗಿ ನಕ್ಷೆ ಬರೆದುಕೊಂಡರೂ, ಕಡೆಯ ಪ್ರಶ್ನೆಯೊಂದನ್ನು ನುಂಗಿಕೊಳ್ಳುತ್ತಿದ್ದರು.

ಅವರಲ್ಲೊಬ್ಬಳಾದ ದ್ಯಾಮವ್ವ ಮಾತ್ರ, ಸಾಫ್ಟ್‌ವೇರ್ ಕಲಿಸುವ ಮೇಷ್ಟ್ರ ಶಹಬ್ಬಾಸ್‌ಗಿರಿಯ ಆಸೆಗೆ, ಮಗ್ಗದಲ್ಲಿದ್ದ ತನ್ನ ಚಿಕ್ಕಮ್ಮನನ್ನು ಕೇಳಿಯೇಬಿಟ್ಟಳು: "ಎಳಿ ಹರದ್ರ ಏನ್ಮಾಡ್ತೀ, ಚಿಗವ್ವಾ?"

"ನಿನ್ನ ಬಾಯಾಗ ತುರುಕ್ತೀನಿ, ಸುಮ್ಮನಾಗ್ತೀ!" ಎಂದು ನಕ್ಕು, ಚಿಗವ್ವ ಎಲ್ಲ ಹೇಳಿದಳು. ನಕ್ಷೆ ಮುಗಿಯಿತು. ಮಾಲೀಕರ ಯಂತ್ರಕ್ಕೆ ಕೈ ಬಂತು, ಚಿಗವ್ವನ ಕೈ ಹೋಯಿತು.

ಹರಿದ ಎಳೆಯ ತುದಿ ಹಿಡಿದು ಅವಳು ಕೂಸಿನ ಹಾಗೆ ನೋಡಿದಳು. "ಇದನ್ನ ಹೆಂಗ ಕೂಡಸೂದು, ದ್ಯಾಮೀ? ನೀ ಬರಕೊಂಡೀಯಲ್ಲ, ತೋರಸು."

ದ್ಯಾಮವ್ವ ನಕ್ಷೆ ನೋಡಿ ನೋಡಿ ಗಂಟು ಹಾಕಿದಳು, ಗಂಟು ನಿಲ್ಲಲಿಲ್ಲ. ಮಗ್ಗದ ಗೋಳು ನಿನಗ ಬ್ಯಾಡ ಎಂದು ಚಿಗವ್ವನೇ ಅವಳಿಗೆ ಎಂದೂ ಎಳೆ ಮುಟ್ಟಗೊಟ್ಟಿರಲಿಲ್ಲ.