ಅಜ್ಜಿಯ ಬೆನ್ನ ಹಿಂದಿನ ಹೊಯ್ಗೆ

ಒಣಮಡಲಿನ ವಾಸನೆ ಬಂದರೆ ಇಂದಿಗೂ ನನ್ನ ಹಲ್ಲುಗಳ ನಡುವೆ ಮರಳು ಕರಕರ ಎನ್ನುತ್ತದೆ.

ಮರವಂತೆಯಲ್ಲಿ ನಮ್ಮ ಮನೆಗೂ ಕಡಲಿಗೂ ನಡುವೆ ಆಳೆತ್ತರದ ಹೊಯ್ಗೆ ದಿಬ್ಬ, ಮರಳಿನ ಗುಡ್ಡೆ, ಇತ್ತು. ಮುಂಬೈ ಹೋಟೆಲಿನಿಂದ ರಜೆಗೆ ಬಂದ ದೊಡ್ಡಪ್ಪ, ಜಗಲಿಯಿಂದ ಸಮುದ್ರ ಕಾಣಲೆಂದು ಜೆಸಿಬಿ ತರಿಸಿ ಅದನ್ನು ಸಪಾಟು ಮಾಡಿಸಿದರು. ಮರುದಿನದಿಂದಲೇ ಗಾಳಿ ನೇರ ಅಡುಗೆಮನೆಗೆ ನುಗ್ಗಿತು. ಗಂಜಿಯಲ್ಲಿ ಮರಳು, ಹಾಸಿಗೆಯಲ್ಲೂ ಮರಳು.

ಒಂದು ಮಧ್ಯಾಹ್ನ ಅಜ್ಜಿ ತೆಂಗಿನ ಒಣಮಡಲುಗಳನ್ನು ಎಳೆದು ತಂದು, ದಿಬ್ಬವಿದ್ದ ಜಾಗದಲ್ಲಿ ಸಾಲಾಗಿ ಊರಿದರು. ನಾನು ಬುಡಕ್ಕೆ ಮರಳು ತುಳಿದೆ.

"ಗಾಳಿ ಹೊಯ್ಗಿ ಹೊತ್ಕಂಡ್ ಬತ್ತ್ ಮಗಾ. ಅಡ್ಡ ಎಂತಾರೂ ಸಿಕ್ರೆ ಅದ್ರ ಹಿಂದ್ ಇಳ್ಸಿ ಹೋತ್ತ್" ಎಂದರು.

ದೊಡ್ಡಪ್ಪ ಬಂದು ಮಡಲುಗಳನ್ನೆಲ್ಲ ಕಿತ್ತೆಸೆದರು. "ಎಂತ ಅಮ್ಮಾ ಇದ್? ಇಷ್ಟೆಲ್ಲ ಮಾಡ್ಸದ್ದ್ ಸಮುದ್ರ ಕಾಂಬುಕೇ ಅಲ್ದಾ?"

"ನಿಂಗೆ ಸಮುದ್ರ ಕಾಣ್ಕಾರೆ ನಡ್ಕಂಡ್ ಹೋಯ್ ಕಾಣ್. ಅದ್ ನಮ್ಮನ್ ಕಾಂಬುದ್ ಬ್ಯಾಡ."

ಅಜ್ಜಿ ಮತ್ತೆ ಊರಿದರು. ದೊಡ್ಡಪ್ಪ ಮತ್ತೆ ಕಿತ್ತು, ಈ ಸಲ ಎಲ್ಲವನ್ನೂ ಬಚ್ಚಲೊಲೆಗೆ ಹೊತ್ತೊಯ್ದರು. ಆಗ ಅಜ್ಜಿ ಸೆರಗನ್ನು ತಲೆಗೆ ಸುತ್ತಿ, ಕಡಲಿಗೆ ಮುಖ ಮಾಡಿ ಅಲ್ಲೇ ಕೂತುಬಿಟ್ಟರು. ಚಹಾಕ್ಕೆ ಕರೆದರೂ ಏಳಲಿಲ್ಲ. ನಾನೂ ಭುಜಕ್ಕೆ ಭುಜ ತಾಗಿಸಿ ಕೂತೆ. ಕಣ್ಣು ಬಿಡಲಾಗುತ್ತಿರಲಿಲ್ಲ, ಕಿವಿಯೊಳಗೆಲ್ಲ ಮರಳು.

ಹೊತ್ತು ಇಳಿಯುವಾಗ ಎದ್ದೆವು. ನಮ್ಮಿಬ್ಬರ ಬೆನ್ನ ಹಿಂದೆ, ಮನೆಯ ಕಡೆಗೆ ಬಾಲ ಚಾಚಿ, ಬೆಕ್ಕಿನ ಗಾತ್ರದ ಹೊಸ ದಿಬ್ಬವೊಂದು ಮಲಗಿತ್ತು.

ಅಜ್ಜಿ ಸೆರಗು ಕೊಡವಿ, ಜಗಲಿಯಲ್ಲಿದ್ದ ದೊಡ್ಡಪ್ಪನನ್ನು ಕೂಗಿದರು: "ಹ್ವಾಯ್, ಬಾ ಇಲ್ಲಿ. ಈಗ ಇದನ್ನ್ ಕೀಳ್, ಕಾಂಬ."